ಫಲಕದಲ್ಲಿ ಹಸಿರು, ಬಿಲ್ಲಿನಲ್ಲಿ ಏನು?

ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾನ್ಯತೆ ನೀಡುವ ನ್ಯಾಕ್ ಸಂಸ್ಥೆಯ ತಂಡ ಬರುವ ವಾರ ವಿಶ್ವವಿದ್ಯಾಲಯದ ಆವರಣಕ್ಕೆ ಹೂಕುಂಡಗಳು ಬರುತ್ತವೆ. ತಂಡ ಹೋದ ಮೇಲೆ ಕೆಲವು ಕಡೆ ಅವು ನರ್ಸರಿಗೆ ವಾಪಸ್ಸೂ ಹೋಗುತ್ತವೆ. ಅದರ ಮೌಲ್ಯಮಾಪನದಲ್ಲಿ ಇಂಧನ ಉಳಿತಾಯ, ನೀರು, ತ್ಯಾಜ್ಯ, ಪ್ಲಾಸ್ಟಿಕ್ ನಿಷೇಧ, ಹಸಿರು ಆಡಿಟ್‌ಗೂ ಅಂಕವಿದೆ. ಅಂಕವಿರುವುದು ಒಳ್ಳೆಯದೇ. ಆದರೆ ಅದರ ಜೊತೆಗೇ ಒಂದಷ್ಟು ತಪ್ಪು ತಿಳಿವಳಿಕೆಯೂ ಆವರಣದಲ್ಲಿ ಬೇರುಬಿಟ್ಟಿದೆ. ಅಧ್ಯಾಪಕರು, ವಿದ್ಯಾರ್ಥಿಗಳು, ಆಡಳಿತದವರು, ನಾವೆಲ್ಲ ಒಂದಲ್ಲ ಒಂದು ಕಾಲಕ್ಕೆ ಇವನ್ನು ನಂಬಿದವರೇ.

ತಪ್ಪು ಕಲ್ಪನೆ: ಗಿಡ ನೆಟ್ಟರೆ ಕ್ಯಾಂಪಸ್ ಹಸಿರಾದಂತೆ. ಹೆಚ್ಚು ನೆಟ್ಟಷ್ಟೂ ಒಳ್ಳೆಯದು.

ವಾಸ್ತವ: ಜೂನ್ 5ರ ಪರಿಸರ ದಿನದಂದು ಸಸಿ ನೆಡುವುದು ಸುಲಭ, ಮಳೆಗಾಲ ಎದುರಿಗಿರುತ್ತದೆ. ಕಷ್ಟ ಶುರುವಾಗುವುದು ಮುಂದಿನ ಮಾರ್ಚಿನಲ್ಲಿ. ಬಯಲುಸೀಮೆಯಲ್ಲಿ ಸಸಿ ಬದುಕುಳಿಯಲು ಎರಡು ಮೂರು ಬೇಸಿಗೆಯಾದರೂ ಯಾರಾದರೂ ನೀರು ಹೊರಬೇಕು. ಆ ಯಾರಾದರೂ ಯಾರು ಎಂಬುದು ಭಾಷಣದಲ್ಲಿ ಬರುವುದಿಲ್ಲ. ಹಾಗಾಗಿ ವರ್ಷವರ್ಷವೂ ಅದೇ ಗುಂಡಿಯಲ್ಲಿ ಹೊಸ ಸಸಿ, ಹೊಸ ಫೋಟೊ.

ಯಾವ ಗಿಡ ಎಂಬ ಪ್ರಶ್ನೆಯೂ ಇದೆ. ಬೇಗ ಬೆಳೆಯುತ್ತದೆ ಎಂದು ನೀಲಗಿರಿ, ಅಕೇಶಿಯಾ ನೆಟ್ಟು ಬೀಗಿದ ಕಾಲವೊಂದಿತ್ತು. ಅಂತರ್ಜಲದ ಚಿಂತೆಯಿಂದ 2017ರಲ್ಲಿ ಕರ್ನಾಟಕ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಇನ್ನು ಹುಲ್ಲುಹಾಸು: ನೋಡಲು ಹಸಿರು, ಕುಡಿಯುವುದು ಬೋರ್‌ವೆಲ್ ನೀರು, ಕೊಡುವ ನೆರಳು ಸೊನ್ನೆ.

ಎಲ್ಲಕ್ಕಿಂತ ದೊಡ್ಡ ಭ್ರಮೆಯೆಂದರೆ ಮರಗಳು ನಮ್ಮ ಕರೆಂಟಿನ ಪಾಪ ತೊಳೆಯುತ್ತವೆ ಎಂಬುದು. ಬೆಳೆದ ಮರವೊಂದು ವರ್ಷಕ್ಕೆ ಹೀರುವ ಇಂಗಾಲದ ಡೈಆಕ್ಸೈಡ್ ಸುಮಾರು 20 ಕಿಲೋ ಎಂಬುದು ಚಾಲ್ತಿಯಲ್ಲಿರುವ ಅಂದಾಜು. ನಮ್ಮ ದೇಶದ ಗ್ರಿಡ್ಡಿನ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಹೆಚ್ಚುಕಡಿಮೆ 0.7 ಕಿಲೋ ಹೊರಬೀಳುತ್ತದೆ. ಎ.ಸಿ. ಗಂಟೆಗೆ ಒಂದು ಯೂನಿಟ್ ನುಂಗುತ್ತದೆ ಎಂದು ಹಿಡಿದರೆ, ಮರದ ಇಡೀ ವರ್ಷದ ದುಡಿಮೆ ಒಂದು ಕೋಣೆಯ ನಾಲ್ಕು ಕೆಲಸದ ದಿನಕ್ಕೆ ಮುಗಿಯಿತು. ಮರ ಬೇಕು, ನೆರಳಿಗೆ, ಹಕ್ಕಿಗೆ, ಮಣ್ಣಿಗೆ. ಸ್ವಿಚ್ ಆರಿಸದಿರಲು ನೆಪವಾಗಿ ಬೇಡ.

ತಪ್ಪು ಕಲ್ಪನೆ: ತರಗೆಲೆ ಬಿದ್ದಲ್ಲಿ ಹಾವು ಸೇರುತ್ತದೆ, ಗುಡಿಸಿ ಬೆಂಕಿ ಹಚ್ಚುವುದೇ ಸ್ವಚ್ಛತೆ. ಹೊಗೆಗೆ ಸೊಳ್ಳೆಯೂ ಓಡುತ್ತದೆ. ಹಾಸ್ಟೆಲ್ ಬಳಿ ಕೇದಗೆ, ಸಂಪಿಗೆಯಂತೂ ಬೇಡವೇ ಬೇಡ. ಪರಿಮಳಕ್ಕೆ ನಾಗರ ಬರುತ್ತದೆ.

ವಾಸ್ತವ: ಹಾವಿನ ಭಯವನ್ನು ನಕ್ಕು ತಳ್ಳಿಹಾಕುವಂತಿಲ್ಲ. ನಮ್ಮಲ್ಲಿ ಹಾವು ಕಚ್ಚಿ ಸಾಯುವವರು ಇಂದಿಗೂ ಇದ್ದಾರೆ. ಅದಕ್ಕೇ ಅದು ಯಾಕೆ ಬರುತ್ತದೆ ಎಂಬುದನ್ನು ಸರಿಯಾಗಿ ತಿಳಿಯಬೇಕು. ಹಾವು ಹೂವಿನ ಗಂಧ ಅರಸಿ ಬರುವ ರಸಿಕನಲ್ಲ. ಅದಕ್ಕೆ ಬೇಕಿರುವುದು ಇಲಿ, ಕಪ್ಪೆ ಮತ್ತು ಅಡಗಲು ಒಂದು ಸಂದು. ಕೇದಗೆ ನೀರಿನಂಚಿನಲ್ಲಿ ದಟ್ಟ ಪೊದೆಯಾಗಿ ಬೆಳೆಯುತ್ತದೆ. ಅಲ್ಲಿ ಕಪ್ಪೆ ಇರುತ್ತದೆ, ಕಪ್ಪೆಯ ಹಿಂದೆ ಹಾವು. ಹೂವಿಗೆ ಸುಮ್ಮನೆ ಅಪವಾದ. ಹಾಸ್ಟೆಲ್ ಹಿತ್ತಿಲಲ್ಲಿ ಇಲಿಗಳನ್ನು ಸಾಕುತ್ತಿರುವುದು ತರಗೆಲೆಯೂ ಅಲ್ಲ, ಮೆಸ್ಸಿನ ಹಿಂದೆ ಸುರಿದ ಅನ್ನ. ಅನ್ನ ಸುರಿಯುವುದನ್ನು ನಿಲ್ಲಿಸದೆ ಎಲೆ ಸುಟ್ಟರೆ ಹಾವು ಹೋಗುವುದಿಲ್ಲ.

ಓಡಾಡುವ ದಾರಿಯ ಮೇಲಿನ ಎಲೆ ಗುಡಿಸಲೇಬೇಕು. ಗುಡಿಸಿದ್ದನ್ನು ಮರದ ಬುಡಕ್ಕೆ ಸರಿಸಿದರೆ ತೇವ ನಿಲ್ಲುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಸುಟ್ಟರೆ ಸೂಕ್ಷ್ಮ ಕಣಗಳ ಹೊಗೆ ತರಗತಿಯ ಕಿಟಕಿಯಿಂದ ಒಳಗೆ ಬರುತ್ತದೆ, ಮೊದಲು ಅದನ್ನು ಕುಡಿಯುವವರು ಗುಡಿಸುವವರೇ. ಬೇಸಿಗೆಯಲ್ಲಿ ಇದೇ ಎಲೆ ಸುಟ್ಟು, ಮಳೆಗಾಲಕ್ಕೆ ಲೋಡುಗಟ್ಟಲೆ ಗೊಬ್ಬರಕ್ಕೆ ಟೆಂಡರ್ ಕರೆಯುವ ಲೆಕ್ಕ ನಮಗಂತೂ ಅರ್ಥವಾಗಿಲ್ಲ. ಹೊಗೆ ಇರುವಷ್ಟು ಹೊತ್ತು ಸೊಳ್ಳೆ ದೂರವಿರಬಹುದು. ಅದು ಹುಟ್ಟುವುದು ಮುಚ್ಚಳವಿಲ್ಲದ ಸಂಪು, ಟೆರೇಸಿನ ಮೇಲಿನ ಹಳೇ ಬಕೆಟ್ಟಿನಲ್ಲಿ. ಕಾನೂನೂ ಸ್ಪಷ್ಟ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಹೂಡಿದ್ದ ಮೊಕದ್ದಮೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಬಯಲಲ್ಲಿ ಕಸ ಸುಡುವುದನ್ನು ನಿಷೇಧಿಸಿತು. ಸಾಮಾನ್ಯವಾಗಿ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ.

ತಪ್ಪು ಕಲ್ಪನೆ: ಹುಣಸೆಮರದಲ್ಲಿ ದೆವ್ವ, ಕಡಿಸುವುದೇ ಲೇಸು. ಅರಳಿಮರ ಮಾತ್ರ ರಾತ್ರಿಯೂ ಆಮ್ಲಜನಕ ಕೊಡುತ್ತದೆ.

ವಾಸ್ತವ: ರಾತ್ರಿ ಎಲ್ಲ ಮರಗಳೂ ಉಸಿರಾಡುತ್ತವೆ, ಬೆಳಕಿಲ್ಲದೆ ಯಾವುದೂ ಆಮ್ಲಜನಕ ತಯಾರಿಸುವುದಿಲ್ಲ, ಅರಳಿಯೂ ಅಷ್ಟೇ. ದೆವ್ವದ ಕತೆಗೆ ಕೆಲವರು ಕೊಡುವ ವಿವರಣೆಯಂತೆ ಹುಣಸೆಯಡಿ ಬಯಲಲ್ಲಿ ಮಲಗಿದವರನ್ನು ಕೊಲ್ಲುವಷ್ಟು ಇಂಗಾಲದ ಡೈಆಕ್ಸೈಡ್ ಕೂಡ ಹೊರಬರುವುದಿಲ್ಲ. ನೂರು ವರ್ಷದ ಹುಣಸೆಗೆ ಕೊಡಲಿ ಹಾಕಿ ಕುಂಡದಲ್ಲಿ ಪಾಮ್ ಇಡುವುದನ್ನು ಹಸಿರೀಕರಣ ಎನ್ನಲು ಬಾಯಿ ಬರುವುದಿಲ್ಲ.

ತಪ್ಪು ಕಲ್ಪನೆ: ನೀರು ಸಾಲದಿದ್ದರೆ ಇನ್ನೊಂದು ಬೋರ್‌ವೆಲ್. ಜಾಗ ತೋರಿಸಲು ಅಂಗೈಯಲ್ಲಿ ತೆಂಗಿನಕಾಯಿ ಹಿಡಿದವರಿದ್ದಾರೆ.

ವಾಸ್ತವ: ಭೂವಿಜ್ಞಾನ ವಿಭಾಗವಿರುವ ಆವರಣಗಳಲ್ಲೂ ಈ ನಂಬಿಕೆಗೆ ಗಿರಾಕಿಗಳಿಲ್ಲದಿಲ್ಲ. ಕಾಯಿ ಎದ್ದು ನಿಂತ ಕಡೆ ನೀರು ಸಿಕ್ಕಿದ್ದು ಊರೆಲ್ಲ ಸುದ್ದಿಯಾಗುತ್ತದೆ. ಒಣಗಿದ ಕೊಳವೆಗಳ ಪಟ್ಟಿ ಯಾರೂ ಇಡುವುದಿಲ್ಲ. ಹಳೆ ಮೈಸೂರು ಭಾಗದ ನೆಲ ಗಟ್ಟಿ ಬಂಡೆ. ಅಲ್ಲಿ ಆಳದ ನೀರು ಕೂರುವುದು ಹೆಚ್ಚಾಗಿ ಬಂಡೆಯ ಬಿರುಕುಗಳಲ್ಲಿ, ಮಳೆ ಇಂಗಿದಷ್ಟೇ. ಹೊಸ ಕೊಳವೆ ಹೊಸ ನೀರು ತರುವುದಿಲ್ಲ, ಪಕ್ಕದ ಕೊಳವೆಯದನ್ನೇ ಎಳೆಯುತ್ತದೆ.

ನೀರು ಇರುವುದು ತಲೆಯ ಮೇಲೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಸಾವಿರ ಚದರ ಮೀಟರಿನ ಒಂದು ಗ್ರಂಥಾಲಯದ ಚಾವಣಿಯಿಂದ, ಐದರಲ್ಲಿ ಒಂದು ಪಾಲು ಸೋರಿ ಆವಿಯಾಯಿತೆಂದರೂ, ವರ್ಷಕ್ಕೆ ಏಳೂವರೆ ಲಕ್ಷ ಲೀಟರಿಗೂ ಹೆಚ್ಚು. ಪೈಪು ಹಾಕಿಸಿ ಉದ್ಘಾಟಿಸಿದರೆ ಸಾಲದು. ಪ್ರತಿ ಮೇ ತಿಂಗಳು ಚಾವಣಿ ಗುಡಿಸಿ, ಸೋಸುವ ಜಲ್ಲಿ ತೊಳೆಯದಿದ್ದರೆ ಮಳೆಕೊಯ್ಲು ಗೋಡೆಯ ಅಲಂಕಾರ.

ತಪ್ಪು ಕಲ್ಪನೆ: ಆವರಣದಲ್ಲಿ ಕೆರೆಯೊಂದಿದ್ದರೆ ಸಾಕು, ಕೆರೆ ತನ್ನನ್ನು ತಾನೇ ಶುದ್ಧ ಮಾಡಿಕೊಳ್ಳುತ್ತದೆ. ಹಾಸ್ಟೆಲ್ಲಿನ ಕೊಳಚೆಯಾದರೋ ಮೈಲಿಗೆ. ಎಷ್ಟು ಸಂಸ್ಕರಿಸಿದರೂ ಗಿಡಕ್ಕೂ ಸಲ್ಲದು.

ವಾಸ್ತವ: ಮೈಸೂರಿನ ಮಾನಸಗಂಗೋತ್ರಿ ಆವರಣದ ಮಗ್ಗುಲಲ್ಲೇ ಕುಕ್ಕರಹಳ್ಳಿ ಕೆರೆ ಇದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು, ಈಗ ಮೈಸೂರು ವಿಶ್ವವಿದ್ಯಾಲಯದ ಉಸ್ತುವಾರಿಯಲ್ಲಿದೆ. ನಗರ ಬೆಳೆದಂತೆ ಮಳೆನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಒತ್ತುವರಿಗೆ ಸಿಕ್ಕಿತು, ಚರಂಡಿ ನೀರು ಮಾತ್ರ ದಾರಿ ಹುಡುಕಿಕೊಂಡು ಬಂತು. ಕೆರೆಯ ಆರೋಗ್ಯ ಇರುವುದು ದಂಡೆಯ ಕಲ್ಲುಬೆಂಚಿನಲ್ಲಲ್ಲ, ಅದಕ್ಕೆ ನೀರು ತರುವ ನಾಲೆಯಲ್ಲಿ.

ಮೈಲಿಗೆಯ ಮಾತಿಗೂ ಉತ್ತರವಿದೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳನ್ನು ತುಂಬಿಸುತ್ತಿದೆ. ಆ ನೀರಿನ ಗುಣಮಟ್ಟದ ಬಗ್ಗೆ ಅಲ್ಲಿನ ಜನ ಎತ್ತಿದ ತಕರಾರು ನ್ಯಾಯವಾದದ್ದೇ: ಸಂಸ್ಕರಣೆ ಸರಿಯಾಗಿರಬೇಕು, ಪರೀಕ್ಷೆಯ ಫಲಿತಾಂಶ ಎಲ್ಲರಿಗೂ ಕಾಣಬೇಕು. ಆವರಣಕ್ಕೂ ಇದೇ ಮಾತು. ಕೊಳಚೆ ಸಂಸ್ಕರಣಾ ಘಟಕ (ಎಸ್‌ಟಿಪಿ) ನೆಟ್ಟಗೆ ಓಡುತ್ತಿದ್ದರೆ ಅದರ ನೀರು ತೋಟಕ್ಕೆ, ಶೌಚಾಲಯದ ಫ್ಲಶ್ಶಿಗೆ ಧಾರಾಳ ಸಾಕು. ಕೊಳಾಯಿ ಮಾತ್ರ ಬೇರೆ ಇರಲಿ, ಕುಡಿಯುವ ನೀರಿಗೆ ಬೆರೆಯದಿರಲಿ.

ತಪ್ಪು ಕಲ್ಪನೆ: ಮೆಸ್ಸಿನ ಕಸದಿಂದ ಗೊಬ್ಬರ ಮಾಡಿದರೆ ನಾತ ತಡೆಯಲಾಗದು.

ವಾಸ್ತವ: ನಾತ ಬರುವುದು ಗೊಬ್ಬರದಿಂದಲ್ಲ, ಗಾಳಿಯಾಡದ ಹಸಿ ರಾಶಿಯಿಂದ. ಸಾರು, ಮಜ್ಜಿಗೆ ಬಸಿದು, ಒಂದು ಪದರ ಮುಸುರೆಗೆ ಒಂದು ಪದರ ಒಣ ಎಲೆ ಹಾಕಿ, ಆಗಾಗ ತಿರುವಿದರೆ ವಾಸನೆ ಅಡಗುತ್ತದೆ. ಮೇಲೆ ಸುಡುತ್ತಿದ್ದೆವಲ್ಲ, ಆ ಎಲೆ ಬೇಕಾಗುವುದು ಇಲ್ಲಿಯೇ. ಅದಕ್ಕಿಂತ ಮೊದಲು ತಟ್ಟೆಯಲ್ಲಿ ಬಿಡುವ ಅನ್ನ ಕಡಿಮೆಯಾಗಲಿ.

ತಪ್ಪು ಕಲ್ಪನೆ: ಬಿಸಿಲು ಉರಿದಷ್ಟೂ ಸೋಲಾರ್ ಹೆಚ್ಚು ಕರೆಂಟು ಕೊಡುತ್ತದೆ. ಒಮ್ಮೆ ಹಾಕಿಸಿದರೆ ಉಳಿದದ್ದೆಲ್ಲ ಪುಕ್ಕಟೆ.

ವಾಸ್ತವ: ಪ್ಯಾನೆಲ್ಲಿಗೆ ಬೇಕಿರುವುದು ಬೆಳಕು, ಕಾವಲ್ಲ. ಅದರ ಮೈ 25 ಡಿಗ್ರಿ ದಾಟಿದ ಮೇಲೆ ಏರುವ ಪ್ರತಿ ಡಿಗ್ರಿಗೂ ಉತ್ಪಾದನೆ ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ. ಒಂದು ಕಿಲೋವ್ಯಾಟಿಗೆ ಸುಮಾರು ಹತ್ತು ಚದರ ಮೀಟರ್ ಜಾಗ ಹಿಡಿಯುತ್ತದೆ, ಸರಾಸರಿ ದಿನಕ್ಕೆ ನಾಲ್ಕು ಯೂನಿಟ್ ಬರುತ್ತದೆ, ಧೂಳು ಒರೆಸಿದರೆ. ಚಾವಣಿಗೂ ಮಿತಿಯಿದೆ. ವಿದ್ಯುತ್ ಬಳಕೆ ತಗ್ಗಿಸುವುದು ಮೊದಲು, ಪ್ಯಾನೆಲ್ ಆಮೇಲೆ. ಹಳೆಯ ಫ್ಯಾನು 75 ವ್ಯಾಟ್ ಎಳೆಯುವಲ್ಲಿ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಆಸುಪಾಸು ಸಾಕು.

ತಪ್ಪು ಕಲ್ಪನೆ: ಪ್ಲಾಸ್ಟಿಕ್ ಲೋಟ ಬಿಟ್ಟು ಪೇಪರ್ ಕಪ್ಪಿಗೆ ಬಂದರೆ ಕ್ಯಾಂಟೀನು ಶುದ್ಧ.

ವಾಸ್ತವ: ಬಿಸಿ ಚಹಾ ಸೋರದಂತೆ ಸಾಮಾನ್ಯ ಪೇಪರ್ ಕಪ್ಪಿನೊಳಗೆ ತೆಳು ಪ್ಲಾಸ್ಟಿಕ್ ಪೊರೆ ಬಳಿದಿರುತ್ತಾರೆ. ಸ್ಟೀಲ್ ಲೋಟ ತೊಳೆಯಲು ಒಬ್ಬರಿಗೆ ಕೆಲಸ ಕೊಡಿ, ಮುಗಿಯಿತು.

ತಪ್ಪು ಕಲ್ಪನೆ: ಸುಸ್ಥಿರತೆ ಎಂಬುದು ಹೊರದೇಶದ ಹೊಸ ಫ್ಯಾಷನ್, ಹಣವಿರುವ ಖಾಸಗಿ ವಿಶ್ವವಿದ್ಯಾಲಯಗಳಿಗೆ ಸರಿ.

ವಾಸ್ತವ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಕೇಂದ್ರ ಕಟ್ಟಿದ್ದು 1974ರಲ್ಲಿ. ಕಡಿಮೆ ಸೌದೆ ಬೇಡುವ ಅಸ್ತ್ರ ಒಲೆ, ಗೋಬರ್ ಗ್ಯಾಸ್, ಸುಡದೆ ಮಾಡುವ ಮಣ್ಣಿನ ಇಟ್ಟಿಗೆ ಅಲ್ಲಿ ಪಳಗಿದವು. ದುಬಾರಿಯಾದ ಒಂದೂ ಅದರಲ್ಲಿಲ್ಲ. ಸೋರುವ ಕೊಳಾಯಿಗೆ ವಾಷರ್ ಹಾಕಲು, ಟ್ಯಾಂಕ್ ತುಂಬಿದಾಗ ಮೋಟಾರು ತಾನೇ ನಿಲ್ಲುವಂತೆ ಮಾಡಲು ಯಾವ ಅನುದಾನವೂ ಬೇಕಿಲ್ಲ.

ನಿಮ್ಮ ವಿಶ್ವವಿದ್ಯಾಲಯಕ್ಕೆ ಹಸಿರು ಪ್ರಶಸ್ತಿ ಬಂದರೆ ಚಪ್ಪಾಳೆ ತಟ್ಟಿ. ತಟ್ಟಿದ ಮೇಲೆ ಕುಲಸಚಿವರ ಕಚೇರಿಗೆ ಹೋಗಿ ಹಿಂದಿನ ಮೂರು ವರ್ಷದ ವಿದ್ಯುತ್ ಬಿಲ್ಲು, ನೀರಿನ ಬಿಲ್ಲು ಕೇಳಿ. ಸರ್ಕಾರಿ ವಿಶ್ವವಿದ್ಯಾಲಯವಾದರೆ ಮಾಹಿತಿ ಹಕ್ಕಿನಡಿ ಅದನ್ನು ಕೊಡಲೇಬೇಕು.