ಬಿರುಗಾಳಿಯ ಬಲ ಕಡಲ ಒಡಲಲ್ಲಿ

2023ರ ಅಕ್ಟೋಬರ್ 24. ಮೆಕ್ಸಿಕೋದ ಅಕಾಪುಲ್ಕೋ ಕಡೆ ಸಾಗುತ್ತಿದ್ದ ‘ಓಟಿಸ್’ ಬಿರುಗಾಳಿ ಇಷ್ಟು ಬಲಿಯುತ್ತದೆಂದು ಯಾವ ಕಂಪ್ಯೂಟರ್ ಮಾದರಿಯೂ ಹೇಳಿರಲಿಲ್ಲ. ಅಮೆರಿಕದ ವಾಯುಪಡೆಯ ವಿಮಾನ ಒಳಹೊಕ್ಕು ಅಳೆದಾಗಲೇ ನಿಜ ಸಂಗತಿ ತಿಳಿದದ್ದು. ಉಪಗ್ರಹದ ಅಂದಾಜಿಗಿಂತ ಗಾಳಿ ಎಷ್ಟೋ ಜೋರಾಗಿತ್ತು. ಅಂದು ರಾತ್ರಿ ದಡಕ್ಕೆ ಅಪ್ಪಳಿಸುವ ಹೊತ್ತಿಗೆ ಅದು ಐದನೇ ದರ್ಜೆಯ ಚಂಡಮಾರುತ.

ಬಿರುಗಾಳಿ ಎತ್ತ ಹೋಗುತ್ತದೆ ಎಂಬುದನ್ನು ಈಗ ಚೆನ್ನಾಗಿಯೇ ಹೇಳುತ್ತಾರೆ. ಎಷ್ಟು ಬಲಿಯುತ್ತದೆ ಎಂಬಲ್ಲೇ ತೊಡಕು. ಅದಕ್ಕೆ ಬಲ ಬರುವುದು ಬೆಚ್ಚಗಿನ ಕಡಲಿನಿಂದ. ಆದರೆ ಉಪಗ್ರಹಕ್ಕೆ ಕಾಣುವುದು ನೀರಿನ ಮೇಲ್ಮೈ ಮಾತ್ರ. ಕೆನೆ ನೋಡಿ ಪಾತ್ರೆಯಲ್ಲಿ ಹಾಲೆಷ್ಟಿದೆ ಎಂದು ಹೇಳಲಾದೀತೆ? ಬೆಚ್ಚಗಿನ ಪದರ ತೆಳುವಾಗಿದ್ದರೆ ಗಾಳಿಯೇ ಕಡಲನ್ನು ಕಡೆದು ಅಡಿಯ ತಣ್ಣೀರನ್ನು ಮೇಲಕ್ಕೆ ತರುತ್ತದೆ, ಬಿರುಗಾಳಿ ಸೊರಗುತ್ತದೆ. ಪದರ ದಪ್ಪವಿದ್ದರೆ ಆ ಕಡಿವಾಣ ಇಲ್ಲ. 2005ರಲ್ಲಿ ‘ಕತ್ರಿನಾ’ ಮೆಕ್ಸಿಕೋ ಕೊಲ್ಲಿಯಲ್ಲಿ ಹಾದುಹೋದದ್ದು ಇಂಥ ದಪ್ಪ ಪದರದ ಮೇಲೆಯೇ.

ಹಾಗಾಗಿ ಗಾಳಿ, ಕಡಲು ಎರಡನ್ನೂ ಒಟ್ಟಿಗೆ ಲೆಕ್ಕ ಹಾಕುವ ಜೋಡಿ ಮಾದರಿಗಳು ಬಂದಿವೆ. ಅವುಗಳಿಗೆ ಬೇಕಾದ ಅಂಕಿ ತರಲು ಅಮೆರಿಕದ ಸಂಶೋಧನಾ ವಿಮಾನಗಳು ಎರಡು ಬಗೆಯ ಕೊಳವೆಗಳನ್ನು ಕೆಳಕ್ಕೆ ಬಿಡುತ್ತವೆ. ಒಂದು ಡ್ರಾಪ್‌ಸಾಂಡ್. ಪುಟ್ಟ ಪ್ಯಾರಾಚೂಟ್ ಬಿಚ್ಚಿ ಇಳಿಯುತ್ತಾ ವಾಯುಭಾರ, ಉಷ್ಣಾಂಶ, ತೇವಾಂಶ ಕಳುಹಿಸುತ್ತದೆ. ಗಾಳಿ ಅದನ್ನು ಎಷ್ಟು ತಳ್ಳಿತೆಂದು ಜಿಪಿಎಸ್ ತಿಳಿಸುತ್ತದೆ. ಇನ್ನೊಂದು ನೀರಿಗೆ ಬಿದ್ದು ತೇಲುತ್ತದೆ. ಅದರಿಂದ ಕೂದಲೆಳೆಯಂಥ ತಂತಿಗೆ ಕಟ್ಟಿದ ಉಷ್ಣಮಾಪಕ ನೂರಾರು ಮೀಟರ್ ಆಳಕ್ಕೆ ಇಳಿಯುತ್ತದೆ. ಮೇಲಿನ ರೇಡಿಯೊ ಅದರ ಲೆಕ್ಕವನ್ನು ವಿಮಾನಕ್ಕೆ ಮುಟ್ಟಿಸುತ್ತದೆ. ಎರಡನ್ನೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಬಿಟ್ಟರೆ ಕಡಲು ಗಾಳಿಗೆ ಎಷ್ಟು ಶಾಖ ಕೊಡುತ್ತಿದೆಯೆಂದು ಲೆಕ್ಕ ಸಿಗುತ್ತದೆ. ಮಾದರಿಯಲ್ಲಿ ಗಾಳಿಯ ಲೆಕ್ಕವನ್ನಷ್ಟೇ ತಿದ್ದಿ ಕಡಲಿನ ಲೆಕ್ಕದ ತಪ್ಪನ್ನು ಹಾಗೇ ಬಿಟ್ಟರೆ ಅದು ಮತ್ತೆ ಹಳೆಯ ತಪ್ಪು ದಾರಿಯನ್ನೇ ಹಿಡಿಯುತ್ತದೆ.

ನಮ್ಮ ಬಂಗಾಳ ಕೊಲ್ಲಿಯಲ್ಲಿ ಉಷ್ಣಾಂಶವೊಂದನ್ನೇ ಅಳೆದರೆ ಸಾಲದು. ಗಂಗಾ, ಬ್ರಹ್ಮಪುತ್ರಗಳ ಸಿಹಿನೀರು ಉಪ್ಪುನೀರಿನ ಮೇಲೆ ಹಗುರವಾಗಿ ಹರಡಿಕೊಂಡಿರುತ್ತದೆ. ಅಡಿಯ ತಂಪು ಸುಲಭಕ್ಕೆ ಮೇಲೇಳದು. ಹಾಗಾಗಿ ಉಪ್ಪಿನಂಶವನ್ನೂ ಅಳೆಯಬೇಕು. 2016ರ ಮುಂಗಾರಿನಲ್ಲಿ ಬ್ರಿಟನ್ನಿನ ಸಂಶೋಧನಾ ವಿಮಾನ ಲಖನೌ, ಬೆಂಗಳೂರುಗಳಿಂದ ಹಾರಿ ಮುಂಗಾರಿನ ಗಾಳಿಯನ್ನು ಅಳೆಯಿತು. ಅದೇ ಋತುವಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ‘ಸಿಂಧು ಸಾಧನಾ’ ಹಡಗಿನಲ್ಲಿ ಕೊಲ್ಲಿಯ ದಕ್ಷಿಣ ಭಾಗದಲ್ಲಿದ್ದು ಆಳದ ನೀರನ್ನು ಪರೀಕ್ಷಿಸಿದರು. ಅವೆರಡೂ ಒಂದು ಋತುವಿನ ಅಧ್ಯಯನಗಳು, ಮುಗಿದವು. ಚಂಡಮಾರುತ ಎದ್ದಾಗಲೆಲ್ಲ ಒಳಹೊಕ್ಕು ಬರುವ ವಿಮಾನ ಮಾತ್ರ ಬಂಗಾಳ ಕೊಲ್ಲಿಗೆ ಇನ್ನೂ ಬಂದಿಲ್ಲ. ಉಪಗ್ರಹ, ರೇಡಾರ್, ತೇಲುಬುರುಡೆಗಳೇ ನಮಗೆ ಆಧಾರ.