ಬಿಗಿಯಾಗಿರಲಿ ಆ ಪುಟ್ಟ ತಟ್ಟೆ

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಸಮೂಹ ಮಾಧ್ಯಮಗಳನ್ನು ಕುರಿತು ಪ್ರತ್ಯೇಕ ಶಾಸನವೊಂದನ್ನು ಪ್ರಕಟಿಸಿತು. ಪತ್ರಿಕೆ, ಚಲನಚಿತ್ರ, ಆಕಾಶವಾಣಿ, ದೂರದರ್ಶನಗಳನ್ನು ಧರ್ಮಸಭೆಯು ಸದುಪಯೋಗಪಡಿಸಿಕೊಳ್ಳಬೇಕೆಂಬುದು ಅದರ ಆಶಯವಾಗಿತ್ತು. 2020ರಲ್ಲಿ ಕೊರೊನಾ ಮಹಾಮಾರಿಯಿಂದಾಗಿ ದೇವಾಲಯಗಳ ಬಾಗಿಲು ಮುಚ್ಚಿದಾಗ ದಿವ್ಯ ಬಲಿಪೂಜೆಯು ಮನೆಮನೆಗೆ ತಲುಪಿದ್ದು ಕ್ಯಾಮರಾದ ಮೂಲಕವೇ. ಮದುವೆ, ಪ್ರಥಮ ಪರಮಪ್ರಸಾದ, ಗುರುದೀಕ್ಷೆ, ವಾರ್ಷಿಕ ಹಬ್ಬ ಇವುಗಳಲ್ಲಿ ಯಾವುದಿದ್ದರೂ ಇಂದು ಬೆಂಚುಗಳ ಬದಿಯಲ್ಲಿ ಒಂದು ಟ್ರೈಪಾಡ್ ನಿಂತಿರುತ್ತದೆ.

ಅದರ ಹಿಂದೆ ನಿಲ್ಲುವವರು ಬಹುಮಟ್ಟಿಗೆ ನಮ್ಮ ಕುಟುಂಬಗಳ ತರುಣರೇ. ಕೆಲವರು ಸೇವಾಭಾವದಿಂದ ಬಂದವರು. ಕೆಲವರು ಸಾಲ ಮಾಡಿ ಕ್ಯಾಮರಾ ಕೊಂಡು ಅದರಿಂದಲೇ ಹೊಟ್ಟೆ ಹೊರೆಯುವವರು. ಅವರ ಕ್ಯಾಮರಾ ಟ್ರೈಪಾಡಿನಿಂದ ಜಾರಿದರೆ ಒಂದು ಮನೆಯ ದುಡಿಮೆಯ ಸಾಧನವೇ ಒಡೆಯುತ್ತದೆ. ಅದಕ್ಕಿಂತಲೂ ಘೋರವಾದ ಸಂಗತಿಯೆಂದರೆ, ಕೆಳಗೆ ಮೊದಲ ಸಾಲಿನಲ್ಲಿ ಬಿಳಿಯುಡುಗೆಯ ಮಕ್ಕಳು ಕುಳಿತಿರುತ್ತಾರೆ. ಆದುದರಿಂದ ಕ್ಯಾಮರಾವನ್ನು ಟ್ರೈಪಾಡಿಗೆ ಜೋಡಿಸುವ 'ಕ್ವಿಕ್ ರಿಲೀಸ್ ಪ್ಲೇಟ್' ಎಂಬ ಪುಟ್ಟ ತಟ್ಟೆಯ ಬಗ್ಗೆ ನಾಲ್ಕು ಮಾತು ಹೇಳುವುದು ಈ ಅಂಕಣಕ್ಕೆ ಹೊರತಾದುದಲ್ಲ.

ಇಲ್ಲಿ ಎರಡು ಬೆಸುಗೆಗಳಿವೆ ಎಂಬುದನ್ನು ಮೊದಲು ತಿಳಿಯಬೇಕು. ತಟ್ಟೆಗೂ ಕ್ಯಾಮರಾಕ್ಕೂ ಇರುವುದು ಒಂದು. ತಟ್ಟೆಗೂ ಟ್ರೈಪಾಡಿನ ತಲೆಗೂ ಇರುವುದು ಇನ್ನೊಂದು. ಒಂದು ಗಟ್ಟಿಯಾಗಿದ್ದು ಇನ್ನೊಂದು ಸಡಿಲವಾಗಿದ್ದರೆ ಫಲ ಒಂದೇ.

ಕ್ಯಾಮರಾದ ತಳಕ್ಕೆ ಸೇರುವ ಸ್ಕ್ರೂ ಸಾಮಾನ್ಯವಾಗಿ 1/4 ಇಂಚು ಗಾತ್ರದ್ದು. ಭಾರವಾದ ಉಪಕರಣಗಳಿಗೆ 3/8 ಇಂಚಿನದೂ ಉಂಟು. ತಟ್ಟೆಯ ಮೇಲಿನ ರಬ್ಬರಿನ ಅಥವಾ ಕಾರ್ಕಿನ ಹಾಸು ಧೂಳಿಲ್ಲದೆ ಒಣಗಿರಬೇಕು. ನಾಣ್ಯದಿಂದಲೋ ಸರಿಯಾದ ಕೀಲಿಯಿಂದಲೋ ಸ್ಕ್ರೂವನ್ನು ಬಿಗಿಗೊಳಿಸಬೇಕು. ಆದರೆ ಪೂರ್ಣ ಬಲ ಪ್ರಯೋಗಿಸಿದರೆ ಕ್ಯಾಮರಾದ ತಳವೇ ಹಾಳಾದೀತು. ಕ್ಯಾಮರಾವನ್ನು ಬದಿಗೆ ವಾಲಿಸಿ ಉದ್ದುದ್ದನೆಯ ಚಿತ್ರ ತೆಗೆಯುವಾಗ ಲೆನ್ಸಿನ ಭಾರವು ಕ್ಯಾಮರಾವನ್ನು ಸ್ಕ್ರೂವಿನ ಸುತ್ತ ತಿರುಗಿಸಲೆತ್ನಿಸುತ್ತದೆ. ಒಂದು ದಿಕ್ಕಿಗೆ ವಾಲಿಸಿದಾಗ ಆ ತಿರುಗುವಿಕೆಯೇ ಸ್ಕ್ರೂವನ್ನು ಸಡಿಲಿಸುತ್ತದೆ. ಉದ್ದನೆಯ ಲೆನ್ಸಿಗೆ ತನ್ನದೇ ಕಾಲರ್ ಇದ್ದರೆ ತಟ್ಟೆಯನ್ನು ಕ್ಯಾಮರಾಕ್ಕಲ್ಲ, ಆ ಕಾಲರಿಗೆ ಹಾಕುವುದು ಯುಕ್ತ.

ಇನ್ನು ಎರಡನೆಯ ಬೆಸುಗೆ. ಎಲ್ಲ ತಟ್ಟೆಗಳೂ ಎಲ್ಲ ತಲೆಗಳಿಗೂ ಹೊಂದುವುದಿಲ್ಲ. ಆರ್ಕಾ-ಸ್ವಿಸ್ ಮಾದರಿಯೆಂದು ಮಾರುವ ತಟ್ಟೆಗಳಲ್ಲಿಯೂ ಕೂದಲೆಳೆಯಷ್ಟು ಅಗಲದ ವ್ಯತ್ಯಾಸವಿರುತ್ತದೆ. ಗುಂಡಿ ತಿರುಗಿಸಿ ಬಿಗಿಯುವ ಹಿಡಿತವು ಆ ವ್ಯತ್ಯಾಸವನ್ನು ಸರಿದೂಗಿಸಬಲ್ಲದು. ಲಿವರಿನ ಹಿಡಿತಕ್ಕೆ ಅದು ಎಲ್ಲ ವೇಳೆಯೂ ಸಾಧ್ಯವಿಲ್ಲ. ಅಂತಹ ತಟ್ಟೆಗಳ ಅಡಿಯಲ್ಲಿ ಎರಡು ತುದಿಗಳಿಗೆ ಪುಟ್ಟ ತಡೆ ಸ್ಕ್ರೂಗಳಿದ್ದರೆ, ಹಿಡಿತ ಸಡಿಲವಾದರೂ ಕ್ಯಾಮರಾ ಪೂರ್ತಿ ಜಾರಿಹೋಗದಂತೆ ಅವು ತಡೆಯುತ್ತವೆ. ಅವಸರಕ್ಕೆ ಅಡ್ಡಿಯೆಂದು ಅವುಗಳನ್ನು ಕಳಚಿಡಬೇಡಿ. ಮ್ಯಾನ್‌ಫ್ರೋಟೊದಂತಹ ಕೆಲವು ತಲೆಗಳಲ್ಲಿ ತಟ್ಟೆಯನ್ನು ಒತ್ತಿದೊಡನೆ ಲಿವರ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ಇನ್ನೊಂದು ಸಣ್ಣ ಸುರಕ್ಷಾ ಲಾಕ್ ಇರುವುದುಂಟು. ಅದನ್ನೂ ಹಾಕಿದ ಮೇಲೆಯೇ ಕೆಲಸ ಮುಗಿದಂತೆ.

ಇಲ್ಲೊಂದು ತಾತ್ವಿಕ ವಿಚಾರವಿದೆ. 'ಟಕ್' ಎಂಬ ಸದ್ದು ಬಿಗಿತದ ಸಂಕೇತ ಮಾತ್ರ, ಬಿಗಿತವಲ್ಲ. ಅರ್ಧ ಕುಳಿತ ತಟ್ಟೆಯೂ ಪೂರ್ತಿ ಕುಳಿತ ತಟ್ಟೆಯೂ ಕಣ್ಣಿಗೆ ಒಂದೇ ತೆರನಾಗಿ ತೋರಬಹುದು. ಬಂಡೆಯ ಮೇಲೆಯೂ ಮರಳಿನ ಮೇಲೆಯೂ ಕಟ್ಟಿದ ಮನೆಗಳ ಸಾಮತಿಯನ್ನು ನೆನೆಯಿರಿ. ಬಿರುಗಾಳಿ ಬೀಸಿದ ಮೇಲೆಯೇ ಅವುಗಳ ನಡುವಣ ಭೇದ ಗೋಚರವಾಯಿತು. ಕ್ಯಾಮರಾದ ವಿಷಯದಲ್ಲಿ ನಾವು ಬಿರುಗಾಳಿಗಾಗಿ ಕಾಯಬೇಕಿಲ್ಲ. ಒಂದು ಕೈಯಲ್ಲಿ ಪಟ್ಟಿಯನ್ನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಕ್ಯಾಮರಾವನ್ನು ಮೆಲ್ಲನೆ ಮೇಲಕ್ಕೆತ್ತಿ, ಎಡಕ್ಕೂ ಬಲಕ್ಕೂ ಅಲುಗಿಸಿ ನೋಡಿದರೆ ಸತ್ಯ ತಿಳಿಯುತ್ತದೆ. ಆ ಬಳಿಕವೇ ಕೈ ಬಿಡಬೇಕು.

ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದ ಅಂಗಗಳಲ್ಲಿ ಸ್ಮರಣೆ, ಮುಂದಾಲೋಚನೆ, ಸುತ್ತಣ ಸ್ಥಿತಿಯ ಅರಿವು, ಎಚ್ಚರಿಕೆ ಇವುಗಳನ್ನು ಎಣಿಸಿದ್ದಾರೆ. ಹಿಂದಿನ ಬಾರಿ ತಟ್ಟೆ ಸಡಿಲವಾಗಿದ್ದುದನ್ನು ನೆನೆಯುವುದು ಸ್ಮರಣೆ. ಮೆರವಣಿಗೆ ಹೊರಡುವ ಮೊದಲೇ ಟ್ರೈಪಾಡನ್ನು ನಡುದಾರಿಯಿಂದ ಸರಿಸುವುದು ಮುಂದಾಲೋಚನೆ. ಯಾವ ಬೆಂಚಿನಲ್ಲಿ ಮಕ್ಕಳಿದ್ದಾರೆಂದು ನೋಡುವುದು ಸುತ್ತಣ ಅರಿವು. ಕ್ಯಾಮರಾ ಹೊತ್ತ ಟ್ರೈಪಾಡನ್ನು ಹೆಗಲಿಗೇರಿಸಿಕೊಂಡು ನಡೆಯದಿರುವುದು ಎಚ್ಚರಿಕೆ.

ಹೆತ್ತವರಲ್ಲಿಯೂ ಒಂದು ವಿನಂತಿ. ಮದುವೆಯ ದಿನ ಛಾಯಾಗ್ರಾಹಕನನ್ನು "ಬೇಗ, ಬೇಗ" ಎಂದು ಅವಸರಿಸುವವರು ನಾವೇ ಅಲ್ಲವೆ? ಬಲಿಪೂಜೆಗೆ ಮುನ್ನ ಅವನಿಗೆ ಹತ್ತು ನಿಮಿಷಗಳ ಅವಕಾಶ ಕೊಡಿ. ದೇವಾಲಯದಲ್ಲಿ ಅವನು ನಿಲ್ಲಬೇಕಾದ ಸ್ಥಳವನ್ನು ಗುರುಗಳೊಡನೆ ಮುಂಚಿತವಾಗಿ ಮಾತನಾಡಿ ಗೊತ್ತುಮಾಡಿ. ನೆರೆಯವರ ಸುರಕ್ಷೆಯನ್ನು ಕಾಪಾಡುವುದೂ ಪರಸ್ನೇಹದ ಕಾರ್ಯವೇ. ಯಾರ ಕಣ್ಣಿಗೂ ಬೀಳದ ಒಂದು ಸ್ಕ್ರೂವನ್ನು ಶ್ರದ್ಧೆಯಿಂದ ಬಿಗಿಯುವ ತರುಣನು, ತನಗರಿವಿಲ್ಲದೆಯೇ, ಆ ದಿನದ ಆರಾಧನೆಯಲ್ಲಿ ಪಾಲ್ಗೊಂಡಿರುತ್ತಾನೆ.