ಹಳೇ ಲ್ಯಾಪ್‌ಟಾಪ್ ತಗೊಳ್ತೀರಾ? ಮೊದಲು ಕೀಬೋರ್ಡ್ ನೋಡಿ

ಎತ್ತು ಕೊಳ್ಳುವಾಗ ಹಲ್ಲು ನೋಡ್ತೀವಿ, ನಡೆಸಿ ನೋಡ್ತೀವಿ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಆದರೆ ಸ್ಕ್ರೀನ್ ಹೊತ್ತಿಕೊಂಡ ಕೂಡಲೇ ದುಡ್ಡು ಎಣಿಸಿಬಿಡ್ತೀವಿ. ನಾನೂ ಹಾಗೇ ಮಾಡಿ ಕೆಟ್ಟೆ. ಹೊಲದ ಲೆಕ್ಕ ಬರೆಯೋಣ ಅಂತ ಮನೆಗೆ ತಂದು, ನುಡಿ ತಂತ್ರಾಂಶದಲ್ಲಿ ‘ಹತ್ತಿ’ ಅಂತ ಟೈಪ್ ಮಾಡಿದರೆ ‘ಹತತಿ’ ಅಂತ ಬಂತು! ನುಡಿಯಲ್ಲಿ ಒತ್ತಕ್ಷರಕ್ಕೆ ‘ಎಫ್’ ಕೀ ಬೇಕು. ಅದೇ ಸತ್ತಿತ್ತು.

ಅಂಗಡಿಯಲ್ಲೇ ನೋಟ್‌ಪ್ಯಾಡ್ ತೆರೆದು ಒಂದೊಂದೇ ಕೀ ಒತ್ತಿ. ಒಂದು ಸಲ ಒತ್ತಿದರೆ ಒಂದೇ ಅಕ್ಷರ ಬೀಳಬೇಕು. ಎರಡು ಬಿದ್ದರೆ, ಇಲ್ಲವೇ ಜೋರಾಗಿ ಒತ್ತಿದಾಗ ಮಾತ್ರ ಬಿದ್ದರೆ, ಆ ಕೀ ಹೆಚ್ಚು ದಿನ ಬಾಳಲ್ಲ. ಎರಡೂ ಕಡೆಯ ಶಿಫ್ಟ್ ಬೇರೆ ಬೇರೆ ನೋಡಿ. ಸ್ಪೇಸ್‌ಬಾರನ್ನು ತುದಿಗಳಲ್ಲೂ ಒತ್ತಿ. ಎಂಟರ್, ಬ್ಯಾಕ್‌ಸ್ಪೇಸ್, ಅಂಕಿಗಳನ್ನೂ ಬಿಡಬೇಡಿ.

ಮೂರ್ನಾಲ್ಕು ಕೀ ಒಟ್ಟಿಗೆ ಸತ್ತಿದ್ದರೆ ಯಾವಾಗಲೋ ಚಹಾ ಚೆಲ್ಲಿರಬಹುದು. ಒಳಗೆ ಒಂದೇ ಗೆರೆಗೆ ಹಲವು ಕೀ ಜೋಡಿಸಿರ್ತಾರೆ, ಗೆರೆ ಕಡಿದರೆ ಎಲ್ಲವೂ ಹೋಗ್ತವೆ. ಅಂಥದ್ದು ಬೇಡವೇ ಬೇಡ.

“ಕೀಬೋರ್ಡ್ ತಾನೇ, ಬದಲಾಯಿಸಿದರಾಯ್ತು” ಅಂತಾರೆ. ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಅದನ್ನು ಮೇಲಿನ ಕವಚಕ್ಕೇ ಬೆಸೆದಿರ್ತಾರೆ, ಇಡೀ ಕವಚ ಹಾಕಿಸಬೇಕು. ಕೂಲಿ ಸೇರಿ ಎಷ್ಟಾಗುತ್ತೆ ಅಂತ ಮೊದಲೇ ಕೇಳಿ, ಅಷ್ಟನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ. ನಾನಂತೂ ಬೇರೆ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿಕೊಂಡೇ ಇದನ್ನು ಟೈಪ್ ಮಾಡ್ತಿದ್ದೀನಿ.